ಗೀಸರ್ ಬದಲಿಸಲು ಗೋಡೆಯೊಳಗಿನ ಪೈಪನ್ನೂ ಕೀಳಬೇಕೇ?

“ಗೀಸರ್ ಹೊಸದಾದರೆ ಪೈಪೂ ಹೊಸದೇ ಬೇಕು” ಎಂಬ ಮಾತನ್ನು ನೀವೂ ಕೇಳಿರಬಹುದು. ಟೈಲ್ಸ್ ಒಡೆಯುವ ಖರ್ಚಿಗೆ ಹೆದರಿ, ಸೋರುವ ಹಳೇ ಗೀಸರಿನಲ್ಲೇ ದಿನ ದೂಡುವವರಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಅದರ ಅಗತ್ಯವಿಲ್ಲ.

ನಮ್ಮಲ್ಲಿ ಮಾರುವ 6ರಿಂದ 25 ಲೀಟರಿನ ಗೋಡೆ ಗೀಸರುಗಳಲ್ಲಿ ನೀರು ಒಳಹೋಗುವ, ಹೊರಬರುವ ಬಾಯಿಗಳು ಸಾಮಾನ್ಯವಾಗಿ ಅರ್ಧ ಇಂಚಿನವೇ. ಕಂಪನಿಯಿಂದ ಕಂಪನಿಗೆ ಬದಲಾಗುವುದು ಅವೆರಡರ ನಡುವಿನ ಅಂತರ. ಆ ವ್ಯತ್ಯಾಸವನ್ನು ಬಾಗುವ ಸ್ಟೀಲ್ ಹೆಣಿಗೆಯ ಕನೆಕ್ಷನ್ ಪೈಪು ಸರಿದೂಗಿಸುತ್ತದೆ. (ಚಳಿದೇಶಗಳಲ್ಲಿ ಮನೆ ಬೆಚ್ಚಗಿಡುವ ರೇಡಿಯೇಟರ್ ಬದಲಿಸುವವರಿಗೆ ಇಷ್ಟು ಸಲೀಸಲ್ಲ, ಪೈಪುಗಳು ಅಲ್ಲಾಡದ ಕಾರಣ ಅಂತರ ಅಳೆದೇ ಹೊಸದನ್ನು ಕೊಳ್ಳಬೇಕು.) ನೀಲಿ ಗುರುತಿಗೆ ತಣ್ಣೀರು, ಕೆಂಪಿಗೆ ಬಿಸಿನೀರು. ಅದಲುಬದಲಾದರೆ ಬಿಸಿನೀರು ಬೇಗ ಮುಗಿದುಹೋಗುತ್ತದೆ.

ಹಳೇ ಪೈಪು ಯಾವುದು ಎಂದು ಮಾತ್ರ ನೋಡಲೇಬೇಕು. ಬಿಸಿನೀರಿನ ಕಡೆ ಸಿಪಿವಿಸಿ ಇದ್ದರೆ ಚಿಂತೆಯಿಲ್ಲ. ಯಾರೋ ಅಗ್ಗಕ್ಕೆಂದು ಸಾಮಾನ್ಯ ಪಿವಿಸಿ ಹಾಕಿದ್ದರೆ ಆ ಭಾಗವನ್ನು ಬದಲಿಸುವುದೇ ಸರಿ. ಅದು ತಣ್ಣೀರಿನ ಪೈಪು, 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಲ ಕಳೆದುಕೊಳ್ಳುತ್ತದೆ. ಬೇಲೆಕೇರಿಯಂಥ ಕಡಲಂಚಿನ ಊರಲ್ಲಿ ಜಿಐ ಪೈಪಿನ ಕಥೆಯೇ ಬೇರೆ. ಉಪ್ಪುಗಾಳಿಗೆ ಹೊರಗಿನ ಜೋಡಣೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಒಂದೇ ಪಾನಾ ಹಾಕಿ ಜಗ್ಗಿದರೆ ಗೋಡೆಯೊಳಗಿನ ಎಲ್ಬೋ ತಿರುಗಿ, ಆಗ ನಿಜಕ್ಕೂ ಗೋಡೆ ಒಡೆಯಬೇಕಾಗುತ್ತದೆ. ಒಂದು ಪಾನಾದಿಂದ ಒಳಗಿನದನ್ನು ಹಿಡಿದು, ಇನ್ನೊಂದರಿಂದ ಬಿಚ್ಚಬೇಕು. ಬಿಚ್ಚಿದ ಮೇಲೆ ಕೆಂಪು ನೀರು, ಪುಡಿಯಾಗುವ ತುಕ್ಕು ಕಂಡರೆ ಆ ಪೈಪಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಿರಿ.

ಗೋಡೆಯೂ ಮುಖ್ಯ. ನೀರು ತುಂಬಿದ 25 ಲೀಟರಿನ ಗೀಸರ್ ಮೂವತ್ತು ಕಿಲೋ ದಾಟುತ್ತದೆ. ಚಿರೇಕಲ್ಲಿನ ಗೋಡೆಯಲ್ಲಿ ಸಡಿಲಾದ ಹಳೇ ತೂತಿಗೆ ಅದನ್ನು ನೇತುಹಾಕಬಾರದು. ಗಟ್ಟಿ ಜಾಗ ಹುಡುಕಿ ಉದ್ದನೆಯ ಬೋಲ್ಟ್ ಹಾಕಿಸಿ. ಒಂದಡಿ ಸರಿದರೂ ಉದ್ದದ ಕನೆಕ್ಷನ್ ಪೈಪು ಸಿಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಅಪಾಯಕಾರಿ. ಹೊಸ ಗೀಸರಿನ ತಣ್ಣೀರಿನ ಬಾಯಿಗೆ ಸೇಫ್ಟಿ ವಾಲ್ವ್ ಕೂರಿಸುತ್ತಾರೆ. ನೀರು ಕಾಯುವಾಗ ಅದು ತೊಟ್ಟಿಕ್ಕಿದರೆ “ಲೀಕು” ಎಂದುಕೊಂಡು ಬಾಯಿ ಮುಚ್ಚುವವರಿದ್ದಾರೆ. 15 ಲೀಟರ್ ನೀರು 25ರಿಂದ 75 ಡಿಗ್ರಿಗೆ ಕಾದರೆ ಸುಮಾರು 340 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಈ ವಾಲ್ವ್ ನೀರನ್ನು ಹಿಂದಕ್ಕೆ ಬಿಡದ ಕಾರಣ, ಹೆಚ್ಚಿದ ಒತ್ತಡಕ್ಕೆ ಇರುವ ದಾರಿ ಆ ಸಣ್ಣ ತೂತು ಮಾತ್ರ. ಅದನ್ನು ಮುಚ್ಚಿದ ಮೇಲೆ ಥರ್ಮೋಸ್ಟ್ಯಾಟ್ ಮತ್ತು ಕಟೌಟ್ ಕೂಡ ಕೆಟ್ಟರೆ ಟ್ಯಾಂಕೇ ಸಿಡಿಯಬಹುದು. ತೊಟ್ಟಿಕ್ಕುವುದು ಕಿರಿಕಿರಿಯಾದರೆ ಅಲ್ಲಿಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ ಬಚ್ಚಲ ನೆಲದವರೆಗೆ ಇಳಿಬಿಡಿ. ಅದರ ತುದಿ ಮಾತ್ರ ಸದಾ ತೆರೆದಿರಲಿ.