ಬ್ಯಾಲೆನ್ಸಿನಿಂದ ಹೋದ ಎರಡು ರೂಪಾಯಿ

ಕಳೆದ ದೀಪಾವಳಿಯ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯ ಲಾಫ್ಟ್ ಖಾಲಿ ಮಾಡುವಾಗ ಒಂದು ಹಳೆಯ ಬ್ರಿಕ್ ಗೇಮ್ ಸಿಕ್ಕಿತು. ಬೂದು ಬಣ್ಣದ ಪ್ಲಾಸ್ಟಿಕ್ ಡಬ್ಬ, ಮೇಲೆ ‘9999 ಇನ್ 1’ ಎಂಬ ಬರಹ. ನಾನು ಹೈಸ್ಕೂಲಿನಲ್ಲಿದ್ದಾಗ ಮುಂಬಯಿಯಲ್ಲಿದ್ದ ಸೋದರಮಾವ ಮನೀಶ್ ಮಾರ್ಕೆಟಿನಲ್ಲಿ ಕೊಂಡು ಕುಂದಾಪುರಕ್ಕೆ ತಂದುಕೊಟ್ಟದ್ದು. ಒಳಗೆ ಇದ್ದ ಆಟಗಳು ಹತ್ತೋ ಹನ್ನೆರಡೋ. ವೇಗ ಬದಲಿಸಿ, ಲೆವೆಲ್ ಬದಲಿಸಿ 9999ರ ಲೆಕ್ಕ ಕೊಟ್ಟಿದ್ದರು. ಹಾಗೆ ನೋಡಿದರೆ ಅದು ಸುಳ್ಳಿನ ಡಬ್ಬ. ಆದರೆ ಮಾವ ಒಮ್ಮೆ ದುಡ್ಡು ಕೊಟ್ಟಮೇಲೆ ವ್ಯವಹಾರ ಮುಗಿದಿತ್ತು. ಆಮೇಲೆ ಅದು ಕೇಳಿದ್ದು ಪೆನ್ಸಿಲ್ ಸೆಲ್ ಮಾತ್ರ.

ಮಗಳು ಅದನ್ನು ತಿರುಗಿಸಿ ನೋಡಿ, “ಅಪ್ಪಾ, ಇದ್ರಲ್ಲಿ ಖರೀದಿ ಮಾಡ್ಲಿಕ್ಕೆ ಏನೂ ಇಲ್ವಾ?” ಎಂದು ಕೇಳಿದಳು. ಅವಳಿಗೆ ಆಟ ಎಂದರೆ ಪುಕ್ಕಟೆ ಸಿಗುವಂಥದ್ದು, ಒಳಗೆ ಹೋದಮೇಲೆ ದುಡ್ಡು ಕೇಳುವಂಥದ್ದು. ಅವಳಿಗೆ ಸರಿಯಾಗಿ ಉತ್ತರಿಸಬೇಕಾದರೆ ಈ ಊರಿನ ಇಪ್ಪತ್ತೈದು ವರ್ಷಗಳ ಕಥೆ ಹೇಳಬೇಕು. ಅದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ.

1997ರಲ್ಲಿ ನೋಕಿಯಾ 6110 ಫೋನಿನೊಂದಿಗೆ ಹಾವಿನ ಆಟ ಬಂತು. ಫೋನಿನ ಬೆಲೆಯಲ್ಲೇ ಆಟವೂ ಸೇರಿತ್ತು. 1999ರ ಫೆಬ್ರವರಿಯಲ್ಲಿ ಜಪಾನಿನ ಡೊಕೊಮೊ ಕಂಪನಿ ಐ-ಮೋಡ್ ಎಂಬ ಸೇವೆ ಶುರುಮಾಡಿತು. ಆಟದ ಶುಲ್ಕವನ್ನು ಫೋನ್ ಬಿಲ್ಲಿನ ಜೊತೆಗೇ ವಸೂಲು ಮಾಡಿ, ತನ್ನ ಕಮಿಷನ್ ಎಂದು ಶೇ. 9 ಮಾತ್ರ ಇಟ್ಟುಕೊಂಡು, ಉಳಿದ ಶೇ. 91ನ್ನು ಆಟ ಮಾಡಿದವರಿಗೆ ಕೊಡುತ್ತಿತ್ತು. ಅದೇ ವರ್ಷ ಮುಂಬಯಿಯಲ್ಲಿ ವಿಶಾಲ್ ಗೊಂಡಲ್ ಇಂಡಿಯಾಗೇಮ್ಸ್ ಆರಂಭಿಸಿದರು. ನಿತೀಶ್ ಮಿತ್ತರ್‌ಸೇನ್ ಅವರ ನಜಾರಾ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು, ಇದೇ ಊರಿನದ್ದು.

ಆದರೆ ಇಲ್ಲಿನ ಲೆಕ್ಕ ಜಪಾನಿನದಕ್ಕೆ ಉಲ್ಟಾ. ಆಟದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೊಬೈಲ್ ಕಂಪನಿಗೇ ಹೋಗುತ್ತಿತ್ತು. ಕಾರಣ ಸರಳ. ಹೆಚ್ಚಿನವರ ಕೈಯಲ್ಲಿ ಕ್ರೆಡಿಟ್ ಕಾರ್ಡ್ ಇರಲಿಲ್ಲ. ಇದ್ದದ್ದು ಪ್ರೀಪೇಯ್ಡ್ ಸಿಮ್ಮಿನ ಬ್ಯಾಲೆನ್ಸ್. ಗಿರಾಕಿಯ ದುಡ್ಡಿಗೆ ಬೇರೆ ದಾರಿಯೇ ಇಲ್ಲದಾಗ, ಇದ್ದ ಒಂದು ದಾರಿಯ ಯಜಮಾನ ಕೇಳಿದಷ್ಟು ಟೋಲ್ ಕೊಡಲೇಬೇಕು.

2003ರಲ್ಲಿ ರಿಲಯನ್ಸ್ 501 ರೂಪಾಯಿಯ ‘ಮಾನ್ಸೂನ್ ಹಂಗಾಮಾ’ ಯೋಜನೆ ತಂದು ಸಾಮಾನ್ಯರ ಕೈಗೂ ಫೋನ್ ಕೊಟ್ಟಿತು. ಅದರ ‘ಆರ್ ವರ್ಲ್ಡ್’ನಲ್ಲಿ ಆಟಗಳೂ ಇದ್ದವು. ಅದೇ ವರ್ಷ ನೋಕಿಯಾ ಆಟಕ್ಕೆಂದೇ ಎನ್-ಗೇಜ್ ಎಂಬ ಫೋನ್ ಮಾಡಿತು. ಅದರಲ್ಲಿ ಆಟದ ಕಾರ್ಡ್ ಬದಲಿಸಲು ಬ್ಯಾಟರಿಯನ್ನೇ ಬಿಚ್ಚಬೇಕಿತ್ತು, ಅದು ನಡೆಯಲಿಲ್ಲ. ಜನ ತಮ್ಮಲ್ಲಿದ್ದ ಸಾದಾ ಫೋನಿನಲ್ಲೇ ಆಡಿದರು.

2004ರಲ್ಲಿ ಸುರತ್ಕಲ್ಲಿನಲ್ಲಿ ಎಂಟೆಕ್ ಮುಗಿಸಿ ನಾನು ಅಂಧೇರಿಯ ಒಂದು ಕಂಪನಿ ಸೇರಿದೆ. ಮೊದಲ ಎರಡು ವರ್ಷ ನನ್ನ ಕೆಲಸ ಪೋರ್ಟಿಂಗ್: ಒಂದೇ ಕ್ರಿಕೆಟ್ ಆಟವನ್ನು ಹತ್ತಾರು ಬಗೆಯ ಫೋನುಗಳಿಗೆ ಹೊಂದಿಸುವುದು. ಕೆಲವು ನೋಕಿಯಾ ಫೋನುಗಳಲ್ಲಿ ಇಡೀ ಆಟ 64 ಕೆಬಿಯೊಳಗೆ ಕೂರಬೇಕಿತ್ತು. ಹಾಗಾಗಿ ಪ್ರೇಕ್ಷಕರನ್ನು ತೆಗೆದು ಹಾಕುತ್ತಿದ್ದೆವು, ಆಮೇಲೆ ಅಂಪೈರನ್ನೂ. ಇಷ್ಟು ಮಾಡಿ 50 ರೂಪಾಯಿಗೋ 99ಕ್ಕೋ ಮಾರಲು ಇಟ್ಟರೆ ಕೊಳ್ಳುವವರು ಕಡಿಮೆ. ಆ ದುಡ್ಡಿಗೆ ಆಗ ಉಡುಪಿ ಹೋಟೆಲಿನಲ್ಲಿ ಇಬ್ಬರ ಊಟ ಆಗುತ್ತಿತ್ತು.

ಆಗ ಬಂದದ್ದು ಶಾಂಪೂ ಸ್ಯಾಶೆಯ ಯೋಚನೆ. 50 ರೂಪಾಯಿ ಒಟ್ಟಿಗೆ ಕೊಡಲಾರದವನು ದಿನಕ್ಕೆ 2 ರೂಪಾಯಿ ಕೊಟ್ಟಾನು. ಆಟ ಮಾರುವುದರ ಬದಲು ಚಂದಾ ಮಾರುವುದು. ಯೋಚನೆ ಕೆಟ್ಟದ್ದೇನಲ್ಲ. ಆದರೆ ಸ್ಯಾಶೆ ಬೇಕೆಂದು ಪ್ರತಿ ಸಲ ನಾವೇ ಅಂಗಡಿಗೆ ಹೋಗಿ ಕೇಳುತ್ತೇವೆ. ಇಲ್ಲಿ ಒಮ್ಮೆ ಗುಂಡಿ ಒತ್ತಿದರೆ, ಬೇಡ ಎನ್ನುವವರೆಗೂ ದುಡ್ಡು ಹೋಗುತ್ತಲೇ ಇರುತ್ತಿತ್ತು. ಬೇಡ ಎನ್ನುವುದು ಹೇಗೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಆ ವಸೂಲಿ ವ್ಯವಸ್ಥೆಯ ಒಂದು ಭಾಗ ನಾನು ಮಾಡಿದ್ದು. ಬ್ಯಾಲೆನ್ಸಿನಲ್ಲಿ 30 ರೂಪಾಯಿ ಇದ್ದರೆ ತಿಂಗಳ ಚಂದಾ ತೆಗೆ. ಇಲ್ಲದಿದ್ದರೆ ವಾರಕ್ಕೆ 10. ಅದೂ ಇಲ್ಲದಿದ್ದರೆ ದಿನಕ್ಕೆ 2. ಏನೂ ಇಲ್ಲದಿದ್ದರೆ ಆ ನಂಬರನ್ನು ಬದಿಗಿಟ್ಟು, ರೀಚಾರ್ಜ್ ಆದ ಕೂಡಲೇ ಮತ್ತೆ ಪ್ರಯತ್ನಿಸು. ತಾಂತ್ರಿಕವಾಗಿ ಅಚ್ಚುಕಟ್ಟಾದ ಕೆಲಸ. ನನಗೆ ಶಾಬಾಸ್‌ಗಿರಿಯೂ ಸಿಕ್ಕಿತು. ಹಿಂದೆ ಗಿರಣಗಾಂವ್‌ನಲ್ಲಿ ಪಗಾರದ ದಿನ ಸಾಲ ಕೊಟ್ಟವರು ಮಿಲ್ ಗೇಟಿನ ಹೊರಗೆ ಕಾಯುತ್ತಿದ್ದರಂತೆ. ನಾನು ಮಾಡಿದ್ದೂ ಅದೇ ಎಂದು ಆಗ ಹೊಳೆಯಲಿಲ್ಲ. ಅವರಾದರೂ ಮೊದಲು ಸಾಲ ಕೊಟ್ಟಿರುತ್ತಿದ್ದರು.

ಅದು ಹೊಳೆದದ್ದು 2010ರ ಸುಮಾರಿಗೆ, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ. ಅಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಟೇಬಲ್ ಒರೆಸುತ್ತಿದ್ದ. ನನ್ನ ಕೆಲಸ ಫೋನಿಗೆ ಸಂಬಂಧಿಸಿದ್ದು ಎಂದು ಹೇಗೋ ತಿಳಿದು, ತನ್ನ ಫೋನ್ ಹಿಡಿದುಕೊಂಡು ಬಂದ. “ಅಣ್ಣಾ, ನಾನ್ ಎಂತದೂ ಒತ್ಲಿಲ್ಲ. ಅಮ್ಮಂಗೆ ಫೋನ್ ಮಾಡ್ವಾ ಅಂದ್ರೆ ದುಡ್ಡೇ ಇಲ್ಲ. ಎಲ್ಲಿಗ್ ಹೋಯ್ತ್?” ಮೆಸೇಜುಗಳನ್ನು ತೆರೆದು ನೋಡಿದೆ. 2 ರೂಪಾಯಿ, 2 ರೂಪಾಯಿ, ರೀಚಾರ್ಜ್ ಆದ ದಿನ 10. ಚಂದಾ ನಮ್ಮದೇ. ಅದನ್ನು ನಿಲ್ಲಿಸಿ ಕೊಟ್ಟೆ, 50 ರೂಪಾಯಿ ರೀಚಾರ್ಜೂ ಮಾಡಿಸಿದೆ. “ಕಂಪನಿಯವರ ತಪ್ಪು ಮಾರಾಯ” ಎಂದೆ. ಆ ಕಂಪನಿ ಯಾವುದು, ಅದನ್ನು ಮಾಡಿದವನು ಯಾರು ಎಂದು ಹೇಳಲಿಲ್ಲ. ಅವನು ನನಗೆ ಥ್ಯಾಂಕ್ಸ್ ಹೇಳಿ ಒಂದು ಚಹಾ ತಂದಿಟ್ಟ.

ಇಂಥ ಹುಡುಗರು ಲಕ್ಷಗಟ್ಟಲೆ ಇದ್ದಿರಬೇಕು. 2011ರ ಜುಲೈಯಲ್ಲಿ, ಮತ್ತೆ 2013ರ ಜುಲೈಯಲ್ಲಿ, ಟ್ರಾಯ್ ನಿರ್ದೇಶನ ಹೊರಡಿಸಿತು: ಗಿರಾಕಿ ಎರಡನೇ ಸಲ ಹೌದು ಎಂದಮೇಲೆಯೇ ಇಂಥ ಸೇವೆ ಶುರುವಾಗಬೇಕು. ನಿಲ್ಲಿಸಲು ಎಲ್ಲ ಕಂಪನಿಗಳಿಗೂ 155223 ಎಂಬ ಒಂದೇ ನಂಬರ್ ಬಂತು. ಆ ಕಾಲದ ಮೀಟಿಂಗುಗಳಲ್ಲಿ ‘ಎರಡನೇ ಹೌದು ಕೇಳಿದರೆ ಗಿರಾಕಿಗೆ ಕಿರಿಕಿರಿ’ ಎಂದು ಸ್ಲೈಡ್ ಮಾಡಿ ವಾದಿಸಿದವರಲ್ಲಿ ನಾನೂ ಒಬ್ಬ. ಎರಡನೇ ಸಲ ಕೇಳಿದಾಗ ನಮ್ಮ ಹೊಸ ಚಂದಾದಾರರು ತಟ್ಟನೆ ಕರಗಿದರು. ಅಂದರೆ ಮೊದಲ ಹೌದು ಎಷ್ಟು ಟೊಳ್ಳಾಗಿತ್ತು ಎಂಬುದನ್ನು ನಮ್ಮದೇ ಎಕ್ಸೆಲ್ ಶೀಟ್ ಹೇಳಿತು.

ಆಮೇಲೆ ದುಡ್ಡಿನ ದಾರಿಯೇ ಬದಲಾಯಿತು. 2015ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲಿ ಭಾರತದ ಕನಿಷ್ಠ ಬೆಲೆಯನ್ನು 50ರಿಂದ 10 ರೂಪಾಯಿಗೆ ಇಳಿಸಿತು. 2016ರಲ್ಲಿ ಯುಪಿಐ ಬಂತು, ಜಿಯೋ ಬಂತು. ನವಿ ಮುಂಬಯಿಯ ಗೇಮೆಶನ್ ಕಂಪನಿಯ ಲೂಡೋ ಕಿಂಗ್ ಬಂದದ್ದೂ ಅದೇ ವರ್ಷ. ಆಡಲು ಪುಕ್ಕಟೆ, ಗಳಿಕೆ ಜಾಹೀರಾತಿನಿಂದ ಮತ್ತು ಒಳಗೆ ಮಾರುವ ಚಿಲ್ಲರೆ ಸಾಮಾನಿನಿಂದ. 2020ರ ಲಾಕ್‌ಡೌನಿನಲ್ಲಿ ನಾವು ಡೊಂಬಿವಲಿಯಿಂದಲೂ ಅಮ್ಮ ಕುಂದಾಪುರದಿಂದಲೂ ದಿನಾ ಸಂಜೆ ಆಡಿದ್ದು ಅದನ್ನೇ. ಅಮ್ಮ ಒಂದು ಪೈಸೆ ಕೊಡಲಿಲ್ಲ, ಹೆಚ್ಚಿನ ದಿನ ಗೆದ್ದದ್ದು ಅವರೇ.

ಹೀಗೆ ಒಳಗೆ ಮಾರುವುದಕ್ಕೆ ಅಮೆರಿಕದಲ್ಲಿ 2006ರಲ್ಲೇ ಒಂದು ಪ್ರಸಿದ್ಧ ಉದಾಹರಣೆ ಇತ್ತು. ಒಬ್ಲಿವಿಯನ್ ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನ ನಕ್ಕಿದ್ದರು. ಈಗ ನಮ್ಮ ಮಕ್ಕಳ ಫೋನಿನಲ್ಲಿ ಅಂಥ ಕವಚಗಳೇ ಆಟದ ಮುಖ್ಯ ವ್ಯಾಪಾರ.

2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿ ಚಂದಾ ಹೋಗುವ 24 ಗಂಟೆ ಮೊದಲೇ ನಮಗೆ ಸೂಚನೆ ಬರಬೇಕು. ಆ ಮೆಸೇಜ್ ಬಂದಾಗೆಲ್ಲ ನನಗೆ ಬೈಂದೂರಿನ ಹುಡುಗ ನೆನಪಾಗುತ್ತಾನೆ. ಅವನಿಗೆ ಬೇಕಿದ್ದದ್ದು ಕಡಿಮೆ ಬೆಲೆಯಲ್ಲ, ಇಂಥ ಒಂದು ಮೆಸೇಜ್. ಅದನ್ನು ಕಳಿಸುವ ತಂತ್ರಜ್ಞಾನ 2010ರಲ್ಲೂ ನಮ್ಮಲ್ಲಿತ್ತು. ಕಳಿಸಲು ಮನಸ್ಸಿರಲಿಲ್ಲ.

ಮಗಳಿಗೆ ಇಷ್ಟೆಲ್ಲ ಹೇಳಿದೆ, ಹುಡುಗನ ವಿಷಯವನ್ನೂ ಬಿಡದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಮೇಲೆ ಅವನಿಗೆ ಸಾರಿ ಹೇಳಿದ್ಯಾ?” ಎಂದಳು. ಆ ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ, ಅವನು ಎಲ್ಲಿದ್ದಾನೋ ಗೊತ್ತಿಲ್ಲ ಎಂದೆ. ಅವಳು ಬ್ರಿಕ್ ಗೇಮಿಗೆ ಹೊಸ ಸೆಲ್ ಹಾಕಿ ಆಡಲು ಕೂತಳು. ಅದು ಇನ್ನೂ ನಡೆಯುತ್ತಿದೆ.