ತಿಥಿ ಮರೆತ ಹಿರಿಯರು

ಮಾನಮಿ ಅಮಾಸಿ ಅಂದ್ರೆ ನಮ್ಮ ಕಲಬುರಗಿ, ಕಮಲಾಪುರದ ಕಡೆ ಹಿರಿಯರ ಹಬ್ಬ. ಪಂಚಾಂಗದಲ್ಲಿ ಅದು ಭಾದ್ರಪದ ಬಹುಳ ಅಮಾವಾಸ್ಯೆ, ಮಹಾಲಯ. ಹಿರಿಯರಿಗೆ ಎಡೆ ಇಟ್ಟ ಮೇಲೆ ಹಿಂಗಾರಿ ಜೋಳದ ಬಿತ್ತನೆ, ಅದರ ಹಿಂದೆಯೇ ಚಳಿಗಾಲ. ಐರ್ಲೆಂಡಿನವರಿಗೂ ಚಳಿಗಾಲದ ಹೊಸ್ತಿಲಲ್ಲಿ, ಅಕ್ಟೋಬರ್ 31ರ ಸಂಜೆಯಿಂದ ಇಂಥದ್ದೊಂದು ಹಬ್ಬವಿದೆ. ಹೆಸರು ಸಾವಿನ್. (ನಮ್ಮ ಸಾವಿಗೂ ಆ ಪದಕ್ಕೂ ಸಂಬಂಧವಿಲ್ಲ. ‘ಬೇಸಿಗೆಯ ಕೊನೆ’ ಎಂದು ಅದಕ್ಕೆ ಅರ್ಥ ಹೇಳುತ್ತಾರೆ.) ಅದಕ್ಕೆ ಆಧಾರವಾಗಿ ಕೆಲವರು ತೋರಿಸುವುದು 1897ರಲ್ಲಿ ಫ್ರಾನ್ಸಿನ ಕೊಲಿನ್ಯಿಯಲ್ಲಿ ಸಿಕ್ಕ ಕಂಚಿನ ಪಂಚಾಂಗ. ಅದರಲ್ಲಿ ‘ಸಮೋನಿಯೋಸ್’ ತಿಂಗಳ ಮೂರು ರಾತ್ರಿಗಳ ಉಲ್ಲೇಖವಿದೆ, ಸತ್ತವರ ಮಾತೇ ಇಲ್ಲ.

ಹಂಗಾದ್ರೆ ನಮ್ಮ ಹಬ್ಬಕ್ಕೆ ಶಾಸನ ಇದೆಯೇ? ಮನೆಯೊಳಗಿನ ಎಡೆಯನ್ನು ಯಾರು ಕಲ್ಲಿನಲ್ಲಿ ಬರೆಸುತ್ತಾರೆ! ಆದರೆ ಹಿರಿಯರು ಶಾಸನಗಳಲ್ಲಿ ಇದ್ದಾರೆ. ಮಳಖೇಡದ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಅರಸ ದಾನ ಕೊಡುವುದು ತಂದೆತಾಯಿಗಳ ಮತ್ತು ತನ್ನ ಪುಣ್ಯ, ಯಶಸ್ಸು ಹೆಚ್ಚಲೆಂದು. ಸ್ಮಾರಕ ಶಿಲೆಗಳಲ್ಲಿ ಇನ್ನೊಂದು ಪದ ಸಿಗುತ್ತದೆ: ಪರೋಕ್ಷವಿನಯ. ಕಣ್ಣೆದುರು ಇಲ್ಲದವರಿಗೆ ತೋರುವ ಗೌರವ. ಹಿರಿಯರ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಹೊಳೆಯುವುದಿಲ್ಲ.

ಇಂಥ ಶಿಲೆಗಳು ತಿಥಿಯನ್ನು ಜೋಪಾನ ಮಾಡುತ್ತವೆ. ರಾಜ್ಯ ಕೈತಪ್ಪಿದ ರಾಷ್ಟ್ರಕೂಟ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಶಕ 904, ಚಿತ್ರಭಾನು ಸಂವತ್ಸರ, ಚೈತ್ರ ಬಹುಳ ಅಷ್ಟಮಿ, ಸೋಮವಾರ. ಸಾವಿರ ವರ್ಷ ಕಳೆದರೂ ಅವನ ತಿಥಿಗೆ ಯಾರನ್ನೂ ಕೇಳಬೇಕಿಲ್ಲ. ಮಹಾಲಯ ಅಮಾವಾಸ್ಯೆಯಾದರೋ ತಿಥಿ ಗೊತ್ತಿಲ್ಲದವರ ದಿನ. ಯಾರು ಯಾವತ್ತು ಹೋದರೋ, ಎಲ್ಲರಿಗೂ ಅಂದೇ ಎಡೆ.

ನಮ್ಮ ಹಳ್ಳಿಗಳಲ್ಲಿ ಹನುಮಪ್ಪನ ಗುಡಿ ಮುಂದಿನ ವೀರಗಲ್ಲುಗಳ ಗತಿಯೂ ಹಾಗೇ ಆಗುತ್ತಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ ಕಾಣುತ್ತವೆ. ಪಟ್ಟಿಕೆಗಳ ನಡುವೆ ಅಕ್ಷರ ಇರಬೇಕಾದ ಕಡೆ ಎಣ್ಣೆ, ಕುಂಕುಮ, ಈಗೀಗ ಆಯಿಲ್ ಪೇಂಟ್. ಭಕ್ತಿಯಿಂದಲೇ ಬಳಿಯುತ್ತಾರೆ, ಹೋಗುವುದು ಮಾತ್ರ ಸತ್ತವನ ಹೆಸರು, ತಿಥಿ. ಕಮಲಾಪುರ ಸುತ್ತಿನವರು ಈ ಅಮಾಸಿಗೆ ಊರಿಗೆ ಹೋದರೆ, ಬಣ್ಣ ಬೀಳುವ ಮೊದಲೇ ಒಂದು ಫೋಟೋ ತೆಗೀರಿ. ಇಳಿಬಿಸಿಲಿನಲ್ಲಿ, ಪಕ್ಕದಿಂದ ಬೆಳಕು ಬೀಳುವಾಗ, ಸವೆದ ಅಕ್ಷರವೂ ಎದ್ದು ಕಾಣುತ್ತದೆ.