ಎಪ್ಪತ್ತೆರಡರಲ್ಲೊಂದು ಪಾಲು

ಇತಿಹಾಸವನ್ನು ಅರಸುವವರು ಶಾಸನಗಳನ್ನೂ ಕಡತಗಳನ್ನೂ ನಾಣ್ಯಗಳನ್ನೂ ಪರೀಕ್ಷಿಸುವರಲ್ಲದೆ ಮಕ್ಕಳ ಆಟದ ಪೆಟ್ಟಿಗೆಯನ್ನು ತೆರೆದು ನೋಡುವುದು ವಿರಳ. ಆದರೆ ಒಂದು ಜನಾಂಗವು ತನ್ನ ಮಕ್ಕಳ ಕೈಗೆ ಏನನ್ನು ಕೊಟ್ಟಿತೆಂಬುದು, ಅದು ಏನನ್ನು ನೆನಪಿನಲ್ಲಿಡಲು ಬಯಸಿತೆಂಬುದಕ್ಕೆ ಒಳ್ಳೆಯ ಸಾಕ್ಷಿಯಾಗಿರುವುದು. ಇಂಗ್ಲೆಂಡಿನಲ್ಲಿ ೧೯೫೩ರಲ್ಲಿ ಹೊರಬಂದ ಅಂಥ ಒಂದು ಆಟದ ಸಾಮಾನಿನ ಚರಿತ್ರೆಯನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ. ಅದು ಏರ್‌ಫಿಕ್ಸ್ ಕಂಪನಿಯವರು ಮಾಡಿದ, ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ. ಬಿಡಿಭಾಗಗಳಾಗಿ ಬರುವ ಇದನ್ನು ಹುಡುಗನು ತಾನೇ ಅಂಟಿನಿಂದ ಜೋಡಿಸಿ, ಬಣ್ಣ ಹಚ್ಚಿ ನಿಲ್ಲಿಸಿಕೊಳ್ಳಬೇಕು.

ಮೂಲ ವಿಮಾನವನ್ನು ರೂಪಿಸಿದವನು ಸೂಪರ್‌ಮೆರೀನ್ ಕಾರ್ಖಾನೆಯ ಆರ್. ಜೆ. ಮಿಚೆಲ್ ಎಂಬ ಶಿಲ್ಪಿ. ೧೯೩೬ನೆಯ ಮಾರ್ಚ್ ೫ರಂದು ಅದು ಮೊದಲಬಾರಿ ಆಕಾಶಕ್ಕೇರಿತು. ಮರುವರ್ಷದ ಜೂನ್ ತಿಂಗಳಿನಲ್ಲಿ ಮಿಚೆಲ್ಲನು ತನ್ನ ೪೨ನೆಯ ವಯಸ್ಸಿನಲ್ಲಿ ಅರ್ಬುದರೋಗದಿಂದ ತೀರಿಕೊಂಡನು. ವಿಮಾನವು ಸೈನ್ಯದ ಸೇವೆಗೆ ಸೇರಿದುದು ೧೯೩೮ರಲ್ಲಿ. ತನ್ನ ಕೃತಿಯ ಕೀರ್ತಿಯನ್ನು ಅವನು ಕಾಣಲಿಲ್ಲ. ಅದರ ರೆಕ್ಕೆಗಳ ಹರವು ೩೬ ಅಡಿ ೧೦ ಅಂಗುಲ, ಉದ್ದ ೨೯ ಅಡಿ ೧೧ ಅಂಗುಲ. ಇದನ್ನು ಎಪ್ಪತ್ತೆರಡರಲ್ಲೊಂದು ಪಾಲಿಗೆ ಕಿರಿದುಗೊಳಿಸಿದರೆ ಹರವು ಆರಂಗುಲಕ್ಕೆ ತುಸು ಹೆಚ್ಚು, ಉದ್ದ ಐದಂಗುಲ ಆಗುವುದು. ಆರಡಿಗೆ ಒಂದಂಗುಲವೆಂಬುದೇ ಈ ಅಳತೆಯ ಲೆಕ್ಕ. ಆದುದರಿಂದ ಆರಡಿ ಎತ್ತರದ ಮನುಷ್ಯನೂ ಇದರಲ್ಲಿ ಒಂದಂಗುಲವನ್ನು ಮೀರುವುದಿಲ್ಲ.

ಈ ಅಳತೆಯು ಹುಟ್ಟಿದುದು ಆಟಕ್ಕಾಗಿಯೇ. ೧೯೩೨ರಿಂದ ಸ್ಕೈಬರ್ಡ್ಸ್ ಎಂಬ ಹೆಸರಿನ ಮರದ ಮಾದರಿಗಳು ಇಂಗ್ಲೆಂಡಿನಲ್ಲಿ ಇದೇ ಪ್ರಮಾಣದಲ್ಲಿ ಮಾರಾಟವಾಗುತ್ತಿದ್ದುವು. ೧೯೩೬ರಲ್ಲಿ ಫ್ರಾಗ್ ಸಂಸ್ಥೆಯವರು ಪ್ಲಾಸ್ಟಿಕ್ಕಿನ ಮಾದರಿಗಳನ್ನು ಹೊರಡಿಸಿ, ಅವು ಹಾರಲಾರವೆಂಬುದನ್ನು ತಿಳಿಸುವುದಕ್ಕಾಗಿ ಪೆಂಗ್ವಿನ್ ಎಂಬ ಹಾರಲಾರದ ಹಕ್ಕಿಯ ಹೆಸರನ್ನು ಅವಕ್ಕೆ ಇಟ್ಟರು. ಅವುಗಳ ಪ್ಲಾಸ್ಟಿಕ್ ಸೆಲ್ಯುಲೋಸಿನಿಂದ ಮಾಡಿದುದು. ಕಾಲ ಕಳೆದಂತೆ ಡೊಂಕಾಗುವಂಥದು.

ಇಷ್ಟರಲ್ಲಿ ಯುದ್ಧವು ಬಂದಿತು. ೧೯೩೯ನೆಯ ಸೆಪ್ಟೆಂಬರ್ ೩ರಂದು ಬ್ರಿಟನ್ ಯುದ್ಧವನ್ನು ಸಾರಿತು. ಮೂರೇ ದಿನಗಳ ತರುವಾಯ, ೬ರ ಬೆಳಗ್ಗೆ, ಶತ್ರುಗಳು ಬಂದರೆಂಬ ತಪ್ಪು ಸುದ್ದಿಯಿಂದ ಎದ್ದ ಸ್ಪಿಟ್‌ಫೈರುಗಳು ತಮ್ಮವರದೇ ಆದ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದುವು. ಒಬ್ಬ ತರುಣ ಚಾಲಕನು ಸತ್ತನು. ಸ್ಪಿಟ್‌ಫೈರ್ ಯುದ್ಧದಲ್ಲಿ ಮೊದಲು ಕೆಡಹಿದುದು ಸ್ವಪಕ್ಷದ ವಿಮಾನವನ್ನು. ಆಕಾಶದಲ್ಲಿ ಕಾಣುವ ಕಪ್ಪು ಆಕಾರವು ಮಿತ್ರನದೋ ಶತ್ರುವಿನದೋ ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಣಯಿಸುವ ವಿದ್ಯೆಯು ಪ್ರಾಣಗಳ ಪ್ರಶ್ನೆಯೆಂಬುದು ಇದರಿಂದ ಸ್ಪಷ್ಟವಾಯಿತು.

ಆ ವಿದ್ಯೆಗೆ ಒದಗಿದುದು ಎಪ್ಪತ್ತೆರಡರಲ್ಲೊಂದು ಪಾಲಿನ ಮಾದರಿ. ಸುಮಾರು ೭೩ ಅಡಿ ದೂರದಲ್ಲಿ ತೂಗಹಾಕಿದ ಇಂಥ ಮಾದರಿಯು ಒಂದು ಮೈಲಿ ದೂರದ ನಿಜವಾದ ವಿಮಾನದಷ್ಟೇ ದೊಡ್ಡದಾಗಿ ಕಾಣುವುದು. ಶಾಲೆಯ ಒಂದು ಹಜಾರದಲ್ಲಿ ಮೈಲಿಯಷ್ಟು ಆಕಾಶವನ್ನು ಅಡಗಿಸಬಹುದು. ೧೯೪೨ರಲ್ಲಿ ಅಮೆರಿಕದ ನೌಕಾಖಾತೆಯು ಇದೇ ಪ್ರಮಾಣದ ೫,೦೦,೦೦೦ ಮಾದರಿಗಳನ್ನು ಮಾಡಿಕೊಡಬೇಕೆಂದು ದೇಶದ ಶಾಲಾ ವಿದ್ಯಾರ್ಥಿಗಳನ್ನು ಕೇಳಿತು. ಹುಡುಗರು ಮರವನ್ನು ಕೆತ್ತಿ, ನಯಗೊಳಿಸಿ, ಕಪ್ಪು ಬಣ್ಣ ಬಳಿದು ಒಪ್ಪಿಸಿದರು. ಹೀಗೆ ಆಟಿಕೆಯು ಯುದ್ಧದ ಉಪಕರಣವಾಯಿತು.

ಯುದ್ಧವು ಮುಗಿದಮೇಲೆ ಅದು ಮತ್ತೆ ಮನೆಗೆ ಬಂದ ದಾರಿಯೂ ವಿನೋದಕರವಾಗಿದೆ. ಏರ್‌ಫಿಕ್ಸ್ ಕಂಪನಿಯನ್ನು ೧೯೩೯ರಲ್ಲಿ ಸ್ಥಾಪಿಸಿದವನು ಹಂಗೆರಿಯಿಂದ ಬಂದ ನಿಕೊಲಾಸ್ ಕೋವ್ ಎಂಬಾತ. ಮೊದಲು ಅಲ್ಲಿ ಗಾಳಿ ತುಂಬುವ ರಬ್ಬರ್ ಆಟಿಕೆಗಳೂ ಅನಂತರ ತಲೆ ಬಾಚುವ ಹಣಿಗೆಗಳೂ ತಯಾರಾಗುತ್ತಿದ್ದುವು. ೧೯೪೯ರಲ್ಲಿ ಫರ್ಗ್ಯೂಸನ್ ಟ್ರಾಕ್ಟರಿನ ಮಾದರಿಯೂ, ೧೯೫೨ರಲ್ಲಿ ಗೋಲ್ಡನ್ ಹೈಂಡ್ ಎಂಬ ಹಳೆಯ ಹಡಗಿನ ಮಾದರಿಯೂ ಅಲ್ಲಿಂದ ಹೊರಟುವು, ಮರುವರ್ಷ ಸ್ಪಿಟ್‌ಫೈರ್. ಪಾಲಿಸ್ಟೈರೀನ್ ಎಂಬ ದ್ರವ್ಯವನ್ನು ಕಾಯಿಸಿ ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಬಲವಾಗಿ ಒತ್ತುವರು. ಆರಿದ ಭಾಗಗಳು, ಎಲೆಗಳು ಕಡ್ಡಿಯನ್ನು ಹಿಡಿದಿರುವಂತೆ, ಒಂದು ಚೌಕಟ್ಟಿಗೆ ಅಂಟಿಕೊಂಡೇ ಬರುವುವು. ಅಚ್ಚಿಗೆ ಬಹಳ ವೆಚ್ಚ, ಅಚ್ಚಾದ ವಸ್ತುವಿಗೆ ಅತ್ಯಲ್ಪ ವೆಚ್ಚ. ಆದುದರಿಂದ ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಅದು ದೊರೆಯುವಂತಾಯಿತು.

ಆ ಮೊದಲ ಮಾದರಿಯು ನೇರವಾಗಿ ವಿಮಾನವನ್ನು ನೋಡಿ ಮಾಡಿದುದಲ್ಲ. ಅಮೆರಿಕದ ಅರೋರಾ ಕಂಪನಿಯ ಮಾದರಿಯೊಂದನ್ನು ಕಿರಿದುಗೊಳಿಸಿದುದು. ಮೂಲದಲ್ಲಿದ್ದ ಆಕಾರದ ತಪ್ಪುಗಳೂ ಅದರೊಡನೆ ಇಳಿದುಬಂದುವು. ಓಲೆಗರಿಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಇದು ಹೊಸದಲ್ಲ: ಲಿಪಿಕಾರನ ಸ್ಖಾಲಿತ್ಯವೇ ಪ್ರತಿಯ ವಂಶವನ್ನು ತಿಳಿಸಿಕೊಡುವುದು.

ಆದರೆ ಆಕಾರದ ತಪ್ಪಿಗಿಂತ ಆಯ್ಕೆಯ ವಿಚಾರವು ದೊಡ್ಡದು. ೧೯೪೦ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ಮಹಾಯುದ್ಧದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹೋರಾಡಿದುದೂ ಹೆಚ್ಚು ಶತ್ರುವಿಮಾನಗಳನ್ನು ಕೆಡಹಿದುದೂ ಹರಿಕೇನ್. ಚೆಲುವಾದ ರೆಕ್ಕೆಯುಳ್ಳ ಸ್ಪಿಟ್‌ಫೈರ್ ಜನರ ಮನಸ್ಸನ್ನು ಗೆದ್ದಿತು. ಮೊದಲ ಅಚ್ಚು ಅದಕ್ಕೇ ದೊರೆಯಿತು. ಆ ಯುದ್ಧದಲ್ಲಿ ಮಡಿದ ಬ್ರಿಟಿಷ್ ಪಕ್ಷದ ವೈಮಾನಿಕರು ೫೪೪ ಮಂದಿ. ಅವರಿಗೆ ಯಾವ ಅಚ್ಚೂ ಇಲ್ಲ. ಯಂತ್ರವು ಎಪ್ಪತ್ತೆರಡರಲ್ಲೊಂದು ಪಾಲಿಗೆ ಇಳಿಯಬಹುದು. ತಾಯಿಯೊಬ್ಬಳ ದುಃಖವನ್ನು ಆ ಅಳತೆಗೆ ಇಳಿಸುವ ಕುಶಲಿಯು ಇನ್ನೂ ಹುಟ್ಟಿಲ್ಲ.

ಇದು ದೂರದೇಶದ ಕಥೆಯೆಂದು ನಮ್ಮವರು ಎಣಿಸಬೇಕಾಗಿಲ್ಲ. ೧೯೪೧ನೆಯ ಜೂನ್ ತಿಂಗಳಿನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್ ಎಂಬಲ್ಲಿ ಬ್ರಿಟಿಷ್ ವಿಮಾನಸೈನ್ಯದ ೧೨೯ನೆಯ ದಳವು ಏರ್ಪಟ್ಟಿತು. ಅದಕ್ಕೆ ಕೊಟ್ಟ ವಿಮಾನಗಳು ಸ್ಪಿಟ್‌ಫೈರುಗಳು. ಅದರ ವೆಚ್ಚವನ್ನು ವಹಿಸಿಕೊಂಡುದು ಮೈಸೂರು. ಆದುದರಿಂದಲೇ ಆ ದಳಕ್ಕೆ ಮೈಸೂರು ದಳವೆಂಬ ಹೆಸರೂ, ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವೂ ಬಂದುವು. ಬಳ್ಳಿಗಾವೆಯ ಕಂಬದ ಮೇಲೆ ಹನ್ನೊಂದನೆಯ ಶತಮಾನದಿಂದ ನಿಂತಿರುವ ಇಬ್ಬಾಯಿಯ ಹಕ್ಕಿಯು ಇಂಗ್ಲೆಂಡಿನ ಯುದ್ಧದಳವೊಂದರ ಗುರುತಾಯಿತು. ಆಗ ಸಿಂಹಾಸನದಲ್ಲಿದ್ದವರು ಶ್ರೀ ಜಯಚಾಮರಾಜ ಒಡೆಯರು. ಆ ದಳವು ೧೯೪೬ರಲ್ಲಿ ವಿಸರ್ಜನೆಗೊಂಡಿತು. ಕನ್ನಡನಾಡಿನ ಬೊಕ್ಕಸದ ಹಣವು, ಎಂದರೆ ನಮ್ಮ ರೈತನು ತೆತ್ತ ಕಂದಾಯವೂ ಸೇರಿದ ಹಣವು, ಹೀಗೆ ಪರದೇಶದ ಆಕಾಶದಲ್ಲಿ ರೆಕ್ಕೆಯಾಗಿ ಹಾರಿತು. ಅದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಮಕ್ಕಳಿಗೆ ಯುದ್ಧದ ಆಟಿಕೆಗಳನ್ನು ಕೊಡಬಾರದೆಂದು ಹೇಳುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅಳತೆಗೆ ತಪ್ಪದಂತೆ ಜೋಡಿಸುವ ತಾಳ್ಮೆಯೂ, ಮೂಲವು ಹೇಗಿತ್ತೆಂದು ವಿಚಾರಿಸುವ ಬುದ್ಧಿಯೂ ಈ ಕೆಲಸದಿಂದ ಬರುವುದು ನಿಜ. ಕೊರತೆಯಾಗಿರುವುದು ಪೆಟ್ಟಿಗೆಯೊಳಗೆ ಬಾರದ ಕಥೆ. ಹುಡುಗನು ಅಂಟು ಆರುವುದನ್ನು ಕಾಯುತ್ತಿರುವಾಗ ಹಿರಿಯರು ಪಕ್ಕದಲ್ಲಿ ಕುಳಿತು ಮಿಚೆಲ್ಲನ ಅಕಾಲಮರಣವನ್ನೂ, ಸೆಪ್ಟೆಂಬರ್ ೬ರ ಬೆಳಗನ್ನೂ, ಗಂಡಭೇರುಂಡದ ದಳವನ್ನೂ ಹೇಳಿದರೆ, ಆ ಐದಂಗುಲದ ವಸ್ತುವು ಮನೆಯಲ್ಲಿ ಇರತಕ್ಕ ಒಂದು ಇತಿಹಾಸಗ್ರಂಥವೇ ಆಗುವುದು.